ಗ್ರಾಮ ಬೆಳಗಿತು, ಮನೆ ಬೆಳಗಿತೆ? ಬೀದರ್ ಸೀಮೆ ಮತ್ತು ಜಾಲದ ಹೊರಗಿನ ವಿದ್ಯುದೀಕರಣ

ಜನವಾಡ, ಭಾಲ್ಕಿ, ಔರಾದ್‌ಗಳನ್ನೊಳಗೊಂಡ ಬೀದರ್ ಸೀಮೆಯು 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಮೈಸೂರು ಸಂಸ್ಥಾನವಾದರೋ 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗಳಿಗೆ ಹರಿಸಿತ್ತು. ಈ ಎರಡು ಪ್ರದೇಶಗಳು 1956ರ ನವೆಂಬರ್ 1ರಂದು ಒಂದೇ ರಾಜ್ಯದಲ್ಲಿ ಕೂಡಿದವು. ಮರುವರ್ಷ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿಯು ಸ್ಥಾಪನೆಗೊಂಡಿತು. ರಾಜ್ಯದ ಉತ್ತರ ತುದಿಯ ಈ ಸೀಮೆಗೆ ವಿದ್ಯುತ್ ಎಂದರೆ ದೂರದಿಂದ ಬರುವ ತಂತಿ ಎಂಬ ಭಾವನೆಯೇ ಬೇರೂರಿತು.

ತಂತಿ ಬಂದುದನ್ನು ಅಳೆದ ಮಾನದಂಡವು ಇಲ್ಲಿ ಗಮನಾರ್ಹ. 1997ರವರೆಗೆ ಕಂದಾಯ ಗ್ರಾಮದ ಎಲ್ಲೆಯೊಳಗೆ ಯಾವುದೇ ಉದ್ದೇಶಕ್ಕೆ ವಿದ್ಯುತ್ ಬಳಕೆಯಾದರೂ ಆ ಗ್ರಾಮವು ವಿದ್ಯುದೀಕರಣಗೊಂಡಂತೆ. ಹೊಲದ ಒಂದು ಪಂಪ್‌ಸೆಟ್ ಸಾಕಾಗಿತ್ತು. 2004ರಲ್ಲಿ ಕನಿಷ್ಠ ಶೇ. 10ರಷ್ಟು ಮನೆಗಳಿಗೆ ಸಂಪರ್ಕವಿರಬೇಕೆಂಬ ನಿಯಮ ಬಂದಿತು. ಉಳಿದ ಶೇ. 90ರ ಕತ್ತಲೆಗೆ ಲೆಕ್ಕದಲ್ಲಿ ಸ್ಥಾನವಿರಲಿಲ್ಲ. ಕಂದಾಯ ಗ್ರಾಮವೆಂಬ ಮನ್ನಣೆಯನ್ನೇ ಪಡೆಯದ ತಾಂಡಾ, ಹಟ್ಟಿಗಳ ಸ್ಥಿತಿ ಇನ್ನೂ ಶೋಚನೀಯ. ಬೀದರ್ ಸೇರಿದಂತೆ ಐದು ಜಿಲ್ಲೆಗಳ ಸುಮಾರು 1475 ದಾಖಲೆರಹಿತ ಜನವಸತಿಗಳು ಕಂದಾಯ ಗ್ರಾಮಗಳೆನಿಸಿ, ಅಲ್ಲಿನವರಿಗೆ ಹಕ್ಕುಪತ್ರ ವಿತರಣೆಯಾದುದು 2023ರ ಜನವರಿಯಲ್ಲಿ.

ಜಾಲವನ್ನು ಕಾಯದೆ ವಿದ್ಯುತ್ ಪಡೆಯುವ ಪ್ರಯೋಗವು ಕರ್ನಾಟಕದಲ್ಲಿಯೇ ನಡೆದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಆರಂಭಿಸಿದ 'ಅಸ್ತ್ರ' ಕೇಂದ್ರವು ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ 1988ರಿಂದ ಕಟ್ಟಿಗೆಯನ್ನು ಅನಿಲವಾಗಿಸಿ ವಿದ್ಯುತ್ ಉತ್ಪಾದಿಸಿತು. ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ, ನೀರಾವರಿಗಳಿಗೆ ಅದು ಒದಗಿತು. 5 ಕಿಲೋವ್ಯಾಟ್ ಹೊರೆಯಿದ್ದಾಗ ಯೂನಿಟ್ಟಿಗೆ 5.85 ರೂ. ಆಗುತ್ತಿದ್ದ ಇಂಧನ ಮತ್ತು ನಿರ್ವಹಣೆಯ ವೆಚ್ಚವು 20 ಕಿಲೋವ್ಯಾಟ್‌ನಲ್ಲಿ 3.34 ರೂ.ಗೆ ಇಳಿಯಿತು. ದೀಪವೊಂದನ್ನೇ ನಂಬಿದ ಘಟಕವು ಬಾಳದು, ದುಡಿಮೆಗೂ ವಿದ್ಯುತ್ ಬಳಕೆಯಾದಾಗ ಮಾತ್ರ ಬಂಡವಾಳ ಉಳಿಯುತ್ತದೆ ಎಂಬುದು ಇದರಿಂದ ಸ್ಪಷ್ಟ. ಮನೆಮಟ್ಟದ ಸೌರದೀಪಕ್ಕೆ ಬೇರೆ ದಾರಿ ತೆರೆಯಿತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಬಡ್ಡಿ ಸಹಾಯದೊಂದಿಗೆ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು 2003ರಿಂದ ಸಾಲ ನೀಡತೊಡಗಿದವು. ಒಮ್ಮೆಗೇ ತೆರಲಾಗದ ಬೆಲೆಯು ಕಂತುಗಳಾದಾಗ ಬಡವರ ಮನೆಗೆ ಎಟುಕಿತು.

ಕಾನೂನು ಇದಕ್ಕೆ ಅರ್ಧ ಬಾಗಿಲನ್ನಷ್ಟೇ ತೆರೆಯಿತು. 2003ರ ವಿದ್ಯುಚ್ಛಕ್ತಿ ಅಧಿನಿಯಮದ 14ನೆಯ ಪ್ರಕರಣವು ರಾಜ್ಯ ಸರ್ಕಾರ ಅಧಿಸೂಚಿಸಿದ ಗ್ರಾಮೀಣ ಪ್ರದೇಶದಲ್ಲಿ ವಿದ್ಯುತ್ ಉತ್ಪಾದಿಸಿ ಹಂಚುವವರಿಗೆ ಪರವಾನಗಿಯಿಂದ ವಿನಾಯಿತಿ ನೀಡಿತು. 2006ರ ಗ್ರಾಮೀಣ ವಿದ್ಯುದೀಕರಣ ನೀತಿಯು ದರವನ್ನು ಪರಸ್ಪರ ಒಪ್ಪಂದಕ್ಕೆ ಬಿಟ್ಟಿತು. ಆದರೆ ನಾಳೆ ಸರ್ಕಾರಿ ತಂತಿ ಬಂದರೆ ಹೂಡಿದ ಹಣದ ಗತಿಯೇನೆಂಬ ಪ್ರಶ್ನೆ ಉಳಿಯಿತು. ಸಹಾಯಧನದ ವಿದ್ಯುತ್ತಿನೆದುರು ಚಿಕ್ಕ ಘಟಕವು ನಿಲ್ಲಲಾರದು. ಅಂತಹ ಘಟಕದ ವಿದ್ಯುತ್ತನ್ನು ಜಾಲವು ಕಡ್ಡಾಯವಾಗಿ ಕೊಳ್ಳುವ ವ್ಯವಸ್ಥೆಯಾಗಬೇಕೆಂದು ರಾಷ್ಟ್ರೀಯ ದರ ನೀತಿಯು ಹೇಳಿದ್ದು 2016ರಲ್ಲಿ. ಪರವಾನಗಿ ಬೇಡವೆಂಬುದು ಸ್ವಾತಂತ್ರ್ಯ, ಅದು ರಕ್ಷಣೆಯಲ್ಲ. ಈ ಅಂತರವೇ ಬಂಡವಾಳವನ್ನು ಹಿಂಜರಿಯುವಂತೆ ಮಾಡಿತೆನ್ನಬಹುದು.

2017ರ ಸೌಭಾಗ್ಯ ಯೋಜನೆಯು ಗ್ರಾಮದ ಬದಲು ಮನೆಯನ್ನು ಗುರಿಯಾಗಿಸಿತು. ಲೆಕ್ಕವು ಕೊನೆಗೂ ಸರಿಯಾದ ಘಟಕಕ್ಕೆ ಬಂದಂತಾಯಿತು. ಆದಕಾರಣ ಬೀದರ್ ಸೀಮೆಯ ವಿದ್ಯುತ್ ಚರಿತ್ರೆಯನ್ನು ಬರೆಯುವವರು ಗ್ರಾಮಗಳ ಪಟ್ಟಿಯಿಂದಲ್ಲ, ಆ ಪಟ್ಟಿಯ ಹೊರಗುಳಿದ ಮನೆಗಳಿಂದ ಆರಂಭಿಸುವುದು ಯುಕ್ತ.