ಒಂದು ಸಿದ್ಧಾಂತ ಬೈಗುಳವಾದ ಕಥೆ

2021ರ ಜೂನ್ 22. ಅಮೆರಿಕದ ವರ್ಜೀನಿಯಾ ರಾಜ್ಯದ ಲೌಡನ್ ಕೌಂಟಿಯಲ್ಲಿ ಶಾಲಾ ಮಂಡಳಿಯ ಸಭೆ. ಪೋಷಕರ ಗಲಾಟೆ ಎಷ್ಟಾಯಿತೆಂದರೆ, ಸಾರ್ವಜನಿಕರ ಮಾತನ್ನು ಅರ್ಧಕ್ಕೆ ನಿಲ್ಲಿಸಿ ಸಭಾಂಗಣ ಖಾಲಿ ಮಾಡಿಸಬೇಕಾಯಿತು. ಅವರ ಸಿಟ್ಟಿಗಿದ್ದ ಕಾರಣಗಳಲ್ಲಿ ಒಂದು ‘ಕ್ರಿಟಿಕಲ್ ರೇಸ್ ಥಿಯರಿ’.

ಏನಿದು? 1970-80ರ ದಶಕಗಳಲ್ಲಿ ಕಾನೂನು ಪ್ರಾಧ್ಯಾಪಕರಾದ ಡೆರಿಕ್ ಬೆಲ್, ಕಿಂಬರ್ಲೆ ಕ್ರೆನ್‌ಷಾ ಮುಂತಾದವರು ಬೆಳೆಸಿದ ಚಿಂತನೆ. ಕಾನೂನಿನಲ್ಲಿ ಎಲ್ಲರೂ ಸಮಾನರಾದ ಮೇಲೂ ಕಪ್ಪು ಜನರ ಬದುಕು ಯಾಕೆ ಹಿಂದುಳಿದಿದೆ ಎಂಬುದು ಅವರ ಪ್ರಶ್ನೆ.

ಒಂದು ಉದಾಹರಣೆ ನೋಡಿ. 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯೊಂದು ನಗರಗಳ ನಕ್ಷೆ ಮಾಡಿಸಿ, ಕಪ್ಪು ಜನರಿದ್ದ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿಯಿತು. ಕೆಂಪು ಎಂದರೆ ಸಾಲ ಕೊಟ್ಟರೆ ಅಪಾಯ ಎಂದರ್ಥ. ಮನೆ ವಿಷಯದ ಈ ತಾರತಮ್ಯವನ್ನು 1968ರ ಕಾನೂನು ನಿಷೇಧಿಸಿತು. ಆದರೆ ಅಪ್ಪನಿಗೆ ಮನೆಯೇ ಇರದಿದ್ದರೆ ಮಗನಿಗೆ ಆಸ್ತಿ ಎಲ್ಲಿಂದ ಬರಬೇಕು?

ಈ ಚಿಂತನೆಗೆ ವಿರೋಧ ಮೊದಲಿನಿಂದಲೂ ಇತ್ತು. ಹಾರ್ವರ್ಡ್‌ನ ಪ್ರಾಧ್ಯಾಪಕ, ಸ್ವತಃ ಕಪ್ಪು ಜನಾಂಗದ ರ‍್ಯಾಂಡಲ್ ಕೆನಡಿ 1989ರಲ್ಲೇ ದೀರ್ಘ ಟೀಕೆ ಬರೆದಿದ್ದರು. ಅದು ಓದಿ ಮಾಡಿದ ಟೀಕೆ.

2020ರ ಸೆಪ್ಟೆಂಬರ್ ಆರಂಭದಲ್ಲಿ ಶುರುವಾದದ್ದು ಬೇರೆ. ಫಾಕ್ಸ್ ನ್ಯೂಸ್‌ನಲ್ಲಿ ಟಕರ್ ಕಾರ್ಲ್‌ಸನ್ ಕಾರ್ಯಕ್ರಮಕ್ಕೆ ಬಂದ ಕ್ರಿಸ್ಟೋಫರ್ ರೂಫೊ, ಸರ್ಕಾರಿ ಕಚೇರಿಗಳಲ್ಲಿ ಈ ಸಿದ್ಧಾಂತ ಹೊಕ್ಕಿದೆ, ಅಧ್ಯಕ್ಷರು ತಡೆಯಬೇಕು ಎಂದರು. ಸೆಪ್ಟೆಂಬರ್ 22ರಂದು ಟ್ರಂಪ್ ಅವರ ಆದೇಶವೇ ಹೊರಬಿತ್ತು. ಮುಂದೆ ಬೈಡನ್ ಅದನ್ನು ರದ್ದು ಮಾಡಿದರೂ ಟಿ.ವಿ. ಸದ್ದು ನಿಲ್ಲಲಿಲ್ಲ.

2021ರ ಮಾರ್ಚ್‌ನಲ್ಲಿ ರೂಫೊ ತಮ್ಮ ಉದ್ದೇಶವನ್ನು ಟ್ವಿಟರ್‌ನಲ್ಲಿ ಮುಚ್ಚುಮರೆಯಿಲ್ಲದೆ ಬರೆದರು. ಜನ ಪತ್ರಿಕೆಯಲ್ಲಿ ಯಾವುದೇ ಹುಚ್ಚು ಸುದ್ದಿ ಓದಿದರೂ ಅವರಿಗೆ ಈ ಸಿದ್ಧಾಂತದ ಹೆಸರೇ ನೆನಪಾಗಬೇಕು ಎಂಬುದು ಅದರ ಸಾರ. ಅಂದರೆ ಹೆಸರು ಹಳೆಯದು, ತುಂಬಿದ ಸರಕು ಹೊಸದು. ಅದೇ ವರ್ಷ ಐಡಹೊ, ಟೆನೆಸ್ಸಿ, ಒಕ್ಲಹೋಮ, ಟೆಕ್ಸಾಸ್ ರಾಜ್ಯಗಳು ಶಾಲೆಯ ಪಾಠಕ್ಕೆ ಕಡಿವಾಣ ಹಾಕುವ ಕಾನೂನು ತಂದವು.

ಪೆಟ್ಟು ಬಿದ್ದದ್ದು ಮೇಷ್ಟ್ರುಗಳಿಗೆ. ಅಕ್ಟೋಬರ್‌ನಲ್ಲಿ ಟೆಕ್ಸಾಸ್‌ನ ಸೌತ್‌ಲೇಕ್‌ನಲ್ಲಿ ಶಿಕ್ಷಣಾಧಿಕಾರಿಯೊಬ್ಬರು ಹೊಸ ಕಾನೂನಿನ ಹೆಸರು ಹೇಳಿ, ಹಿಟ್ಲರ್ ಕಾಲದ ಯಹೂದಿ ನರಮೇಧದ ಪುಸ್ತಕ ತರಗತಿಯಲ್ಲಿದ್ದರೆ ಅದಕ್ಕೆ ವಿರುದ್ಧ ದೃಷ್ಟಿಯ ಪುಸ್ತಕವನ್ನೂ ಇಡಿ ಎಂದು ಶಿಕ್ಷಕರಿಗೆ ಹೇಳಿದರು. ಆ ಮಾತಿನ ಧ್ವನಿಮುದ್ರಣ ಹೊರಬಿದ್ದ ಮೇಲೆ ಜಿಲ್ಲೆಯ ಶಾಲಾ ಮುಖ್ಯಸ್ಥರು ಕ್ಷಮೆ ಕೇಳಿದರು.

ನರಮೇಧಕ್ಕೆ ಇನ್ನೊಂದು ಮಗ್ಗುಲು ಯಾವುದು? ಕಾನೂನು ಕಾಲೇಜಿನ ಒಂದು ಚರ್ಚೆಯನ್ನು ಓದದೆಯೇ ಬೈದದ್ದು ಒಂದು ವರ್ಷದಲ್ಲಿ ಇಲ್ಲಿಗೆ ಬಂದು ನಿಂತಿತ್ತು.