ಹದಿನಾಲ್ಕು ಜ್ಞಾಪನ ಪತ್ರಗಳು

ಮೊನ್ನೆ ಹಳೆಯ ಸಹೋದ್ಯೋಗಿಯೊಬ್ಬರು ಚಿಕ್ಕನಾಯಕನಹಳ್ಳಿಯ ನಮ್ಮ ಮನೆಗೆ ಕಡತವೊಂದನ್ನು ಹಿಡಿದು ಬಂದಿದ್ದರು. ಜ್ಯೇಷ್ಠತಾ ಪಟ್ಟಿಯಲ್ಲಿ ಅವರ ಹೆಸರು ಕಿರಿಯರ ಕೆಳಗೆ ಸೇರಿಹೋಗಿ ಬಹಳ ವರ್ಷಗಳಾಗಿದ್ದವು. "ಹದಿನಾಲ್ಕು ಜ್ಞಾಪನ ಪತ್ರ ಬರೆದಿದ್ದೇನೆ ಮೇಷ್ಟ್ರೇ, ಎಲ್ಲಕ್ಕೂ ಅಂಚೆಯ ರಸೀದಿ ಇದೆ" ಎಂದರು. ಆ ಹದಿನಾಲ್ಕು ಪತ್ರಗಳೇ ಅವರ ಕಾಲವನ್ನು ನುಂಗಿದ್ದವೆಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಹಿಂದೆ ಸರ್ಕಾರಿ ನೌಕರನು ಸಿವಿಲ್ ದಾವೆ ಹೂಡಬೇಕಿತ್ತು, ಇಲ್ಲವೇ ಹೈಕೋರ್ಟಿಗೆ ರಿಟ್ ಹಾಕಬೇಕಿತ್ತು. ದಾವೆಗೆ ಮೂರು ವರ್ಷದ ಗಡುವು. ರಿಟ್ಟಿಗೆ ದಿನದ ಲೆಕ್ಕವಿಲ್ಲದಿದ್ದರೂ ವಿಳಂಬಕ್ಕೆ ಕಾರಣ ಹೇಳಬೇಕು. 1976ರ ಸಂವಿಧಾನ ತಿದ್ದುಪಡಿಯಿಂದ 323-ಎ ವಿಧಿ ಬಂದಿತು. ಅದರಂತೆ 1985ರ ಕಾಯಿದೆ, 1986ರಲ್ಲಿ ಕರ್ನಾಟಕ ಆಡಳಿತ ನ್ಯಾಯಮಂಡಳಿ. ಕಾಯಿದೆಯ 21ನೆಯ ಕಲಮಿನಲ್ಲಿ ಗಡುವು ಒಂದೇ ವರ್ಷ. ನಮ್ಮ ಸೀಮೆಯ ಅಟ್ಟದ ಮೇಲೆ ಹಾಕಿದ ಕಾಯಿ ಕೊಬ್ಬರಿಯಾಗುವಷ್ಟು ಕಾಲ. ಮೇಲ್ಮನವಿ ಸಲ್ಲಿಸಿ ಆರು ತಿಂಗಳಾದರೂ ಉತ್ತರ ಬರದಿದ್ದರೆ, ಆ ಆರು ತಿಂಗಳು ಕಳೆದ ಮೇಲೆ ಒಂದು ವರ್ಷ. ತಕ್ಕ ಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರವೂ ಮಂಡಳಿಗುಂಟು.

ಈ ಲೆಕ್ಕ ಎಲ್ಲಿಂದ ಆರಂಭ? 1989ರಲ್ಲಿ ಮಧ್ಯಪ್ರದೇಶದ ರಾಥೋರ್ ಎಂಬ ನೌಕರರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರು ಇದನ್ನು ತೀರ್ಮಾನಿಸಿದರು. ಅವರನ್ನು ವಜಾ ಮಾಡಿದ್ದು 1966ರ ಜನವರಿಯಲ್ಲಿ, ಮೇಲ್ಮನವಿ ತಿರಸ್ಕೃತವಾದದ್ದು ಅದೇ ವರ್ಷದ ಆಗಸ್ಟಿನಲ್ಲಿ, ದಾವೆ ಹೂಡಿದ್ದು 1969ರ ಸೆಪ್ಟೆಂಬರಿನಲ್ಲಿ. ಮೇಲ್ಮನವಿಯ ಆದೇಶದಿಂದಲೇ ಎಣಿಸಬೇಕೆಂದು ಕೋರ್ಟು ಹೇಳಿದ್ದರಿಂದ, ಸರ್ಕಾರಕ್ಕೆ ಕೊಡಬೇಕಾದ ಎರಡು ತಿಂಗಳ ನೋಟಿಸಿನ ಅವಧಿ ಸೇರಿ ದಾವೆ ಗಡುವಿನೊಳಗೆ ಉಳಿಯಿತು. ಆದರೆ ನಿಯಮದಲ್ಲಿಲ್ಲದ ಮನವಿಗಳನ್ನು ಮೇಲಿಂದ ಮೇಲೆ ಬರೆದರೆ ಗಡುವು ಬೆಳೆಯದೆಂದೂ ಅದೇ ತೀರ್ಪು ಸಾರಿತು. ಹಳಸಿದ ಮನವಿಗೆ ಕಚೇರಿ ಉತ್ತರ ಕೊಟ್ಟಮಾತ್ರಕ್ಕೆ ಹಕ್ಕು ಮರುಹುಟ್ಟು ಪಡೆಯದೆಂದು 2008ರಲ್ಲಿ ಮತ್ತೊಂದು ತೀರ್ಪು ಬಂದಿತು. ನಮ್ಮ ಮೇಷ್ಟ್ರುಗಳಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಖಾಸಗಿ ಶಾಲೆಯಿಂದ ವಜಾ ಆದವರಿಗಂತೂ ಶಿಕ್ಷಣ ಕಾಯಿದೆಯಲ್ಲಿ ಮೂರೇ ತಿಂಗಳು.

ಜಿನೀವಾದವರ ಗಡುವು ಇನ್ನೂ ಬಿಗಿ. ರಾಷ್ಟ್ರಸಂಘ 1927ರಲ್ಲಿ ತನ್ನ ನೌಕರರಿಗಾಗಿ ತೆರೆದ ನ್ಯಾಯಮಂಡಳಿಯು 1946ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗೆ ಸೇರಿತು. ಅಲ್ಲಿ 90 ದಿನ. 2009ರಲ್ಲಿ ಬಂದ ವಿಶ್ವಸಂಸ್ಥೆಯ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ 60 ದಿನದೊಳಗೆ ಆಡಳಿತದ ಮುಂದೆಯೇ ಮರುಪರಿಶೀಲನೆ ಕೇಳಬೇಕು, ಬಳಿಕ 90 ದಿನ.

ಇನ್ನು ಮಿತ್ರರ ಕಡತ. 2008ರ ತರ್ಸೇಮ್ ಸಿಂಗ್ ತೀರ್ಪಿನಲ್ಲಿ ಒಂದು ಸಣ್ಣ ಬಾಗಿಲಿದೆ: ಪ್ರತಿ ತಿಂಗಳೂ ಮರುಕಳಿಸುವ ಸಂಬಳ, ಪಿಂಚಣಿಯ ತಪ್ಪನ್ನು ತಡವಾಗಿಯೂ ಪ್ರಶ್ನಿಸಬಹುದು, ಬಾಕಿ ಮಾತ್ರ ಸಾಮಾನ್ಯವಾಗಿ ಮೂರು ವರ್ಷದ್ದು. ಜ್ಯೇಷ್ಠತೆಗೆ ಈ ರಿಯಾಯಿತಿ ಇಲ್ಲ. ಅಲ್ಲಿ ಇತರರ ಹಕ್ಕು ನೆಲೆಗೊಂಡಿರುತ್ತದೆ. ಅದನ್ನು ಹೇಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಕಡತ ತಿರುವುತ್ತಿದ್ದಾಗ ಒಂದು ವಾರ್ಷಿಕ ವೇತನ ಬಡ್ತಿ ಪಿಂಚಣಿಯ ಲೆಕ್ಕದಲ್ಲಿ ಬಿಟ್ಟುಹೋದಂತೆ ಕಂಡಿತು. ಹದಿನೈದನೆಯ ಪತ್ರ ಬರೆಯದೆ, ಸೋಮವಾರ ಇಬ್ಬರೂ ತುಮಕೂರಿನ ವಕೀಲರನ್ನು ಕಾಣಲು ಹೊರಟಿದ್ದೇವೆ.