ಕುದುರೆಮುಖದ ಗಣಿ ಮತ್ತು ಅಲ್ಲಿ ದುಡಿದವರು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂದೊಡನೆ ಅಡಿಕೆಯ ತೋಟ, ಕಾಫಿಯ ಗಿಡ, ಭತ್ತದ ಗದ್ದೆ, ತುಂಗಾ ಭದ್ರಾ ನದಿಗಳು ಕಣ್ಣ ಮುಂದೆ ನಿಲ್ಲುವುದು ಸಹಜ. ಗಣಿಯ ನೆನಪು ಯಾರಿಗೂ ಬರಲಾರದು. ಆದರೂ ಶೃಂಗೇರಿಯ ದಕ್ಷಿಣಕ್ಕೆ ಎದ್ದು ನಿಂತಿರುವ ಗಿರಿಶ್ರೇಣಿಯಲ್ಲಿ ಕಾಲು ಶತಮಾನ ಕಾಲ ದೇಶದ ಅತಿ ದೊಡ್ಡ ಕಬ್ಬಿಣದ ಅದಿರಿನ ಗಣಿಗಳಲ್ಲಿ ಒಂದು ಹಗಲಿರುಳು ನಡೆಯುತ್ತಿತ್ತು. ಅಲ್ಲಿಂದ ಇಳಿದು ಬಂದ ಭದ್ರೆಯ ನೀರನ್ನೇ ಬಾಳೆಹೊನ್ನೂರು, ನರಸಿಂಹರಾಜಪುರದ ಜನ ಬಳಸಿದರು. ಶತಮಾನೋತ್ಸವದ ಈ ಸಂಚಿಕೆಯಲ್ಲಿ ನೆರೆಹೊರೆಯ ಚರಿತ್ರೆಯನ್ನೂ ಸ್ಮರಿಸುವುದು ಉಚಿತವೆಂದು ಭಾವಿಸಿ, ಕುದುರೆಮುಖದ ಗಣಿಯ ವೃತ್ತಾಂತವನ್ನು ಸಂಕ್ಷೇಪವಾಗಿ ಓದುಗರ ಮುಂದಿಡುತ್ತಿದ್ದೇವೆ.

ನೆಲದೊಳಗಿನ ಲೋಹವನ್ನು ಹೊರತೆಗೆಯುವ ವಿದ್ಯೆ ನಮ್ಮ ನಾಡಿಗೆ ಹೊಸತಲ್ಲ. ಚಿನ್ನಕ್ಕೆ ಕೋಲಾರ ಮತ್ತು ಹಟ್ಟಿ, ತಾಮ್ರಕ್ಕೆ ಚಿತ್ರದುರ್ಗದ ಬಳಿಯ ಇಂಗಳದಾಳು ಹೆಸರಾದವು. ಕೋಲಾರದ ಕಥೆಯಲ್ಲಿ ನಾವು ಗಮನಿಸಬೇಕಾದ ಒಂದು ಸಂಗತಿಯಿದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ತಾಮ್ರ ಮತ್ತು ತವರದ ಗಣಿಗಳು ಬೆಲೆ ಕುಸಿದು ಒಂದೊಂದಾಗಿ ಮುಚ್ಚತೊಡಗಿದಾಗ, ಅಲ್ಲಿನ ಗಣಿಗಾರರು ಹೊಟ್ಟೆಪಾಡಿಗಾಗಿ ದೇಶಾಂತರ ಹೊರಟರು. ಅವರಲ್ಲಿ ಕೆಲವರು ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಮೂಲಕ ಕೋಲಾರಕ್ಕೂ ಬಂದರು. ಅವರ ಕೈಕೆಳಗೆ ನೆಲದಾಳಕ್ಕಿಳಿದು ಬಂಡೆ ಒಡೆದವರು ತಮಿಳು, ತೆಲುಗು, ಕನ್ನಡ ನಾಡುಗಳ ಬಡವರು. ಆ ಗಣಿಯೂ 2001ರ ಫೆಬ್ರವರಿ 28ರಂದು ಮುಚ್ಚಿತು. ಅದಿರು ತೀರಿದರೆ, ಇಲ್ಲವೆ ಬೆಲೆ ಬಿದ್ದರೆ ಗಣಿಗೆ ಬೀಗ ಬೀಳುತ್ತದೆ, ದುಡಿದವನು ಗಂಟು ಕಟ್ಟುತ್ತಾನೆ. ಲೋಹ ಯಾವುದೇ ಇರಲಿ, ನಾಡು ಯಾವುದೇ ಇರಲಿ, ಈ ನಿಯಮ ಬದಲಾದುದು ಕಾಣದು.

ಮಲೆನಾಡಿನ ಮಟ್ಟಿಗೆ ಕಬ್ಬಿಣದ ಕಥೆ ಕೆಮ್ಮಣ್ಣುಗುಂಡಿಯಿಂದ ಮೊದಲಾಗುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯ ಫಲವಾಗಿ ಭದ್ರಾವತಿಯ ಕಾರ್ಖಾನೆ 1923ರಲ್ಲಿ ಕಬ್ಬಿಣ ಕರಗಿಸಲು ಆರಂಭಿಸಿದಾಗ ಅದಕ್ಕೆ ಅದಿರು ಒದಗಿದ್ದು ಕೆಮ್ಮಣ್ಣುಗುಂಡಿಯಿಂದ, ಇದ್ದಿಲು ಒದಗಿದ್ದು ಮಲೆನಾಡಿನ ಕಾಡುಗಳಿಂದ. ಗಣಿಗೂ ಕಾಡಿಗೂ ನಡುವಣ ವ್ಯಾಜ್ಯದ ಬೀಜ ಅಂದೇ ಬಿದ್ದಿತ್ತೆನ್ನಬಹುದು.

ಕುದುರೆಮುಖದ ಅದಿರನ್ನು ಮೊದಲು ಗುರುತಿಸಿದವರು ಮೈಸೂರು ಭೂಗರ್ಭ ಇಲಾಖೆಯ ಶ್ರೀ ಪಿ. ಸಂಪತ್ ಅಯ್ಯಂಗಾರ್ಯರು, 1913ರಲ್ಲಿ. ಆದರೆ ಅರವತ್ತು ವರ್ಷಗಳ ಕಾಲ ಅದು ನೆಲದಲ್ಲಿಯೇ ಉಳಿಯಿತು. ಕಾರಣಗಳು ಸ್ಪಷ್ಟವಾಗಿದ್ದವು. ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ ಸುರಿಯುವ ದಟ್ಟಾರಣ್ಯ ಅದು. ಅದಿರಿನಲ್ಲಿ ಕಬ್ಬಿಣದ ಅಂಶ ನೂರಕ್ಕೆ ನಲವತ್ತನ್ನೂ ಮುಟ್ಟುತ್ತಿರಲಿಲ್ಲ. ಅಂಥ ಬಡ ಅದಿರನ್ನು ಶುದ್ಧಿಗೊಳಿಸದೆ ಸಾಗಿಸಿದರೆ ಸಾಗಾಣಿಕೆಯ ವೆಚ್ಚವೂ ಹುಟ್ಟುವಂತಿರಲಿಲ್ಲ.

1975ರ ನವೆಂಬರಿನಲ್ಲಿ ಭಾರತಕ್ಕೂ ಇರಾನಿಗೂ ಒಪ್ಪಂದವಾಯಿತು. ಇರಾನ್ 63 ಕೋಟಿ ಡಾಲರ್ ಸಾಲ ಕೊಡುವುದು, ಭಾರತವು ವರ್ಷಕ್ಕೆ 75 ಲಕ್ಷ ಟನ್ನಿನಂತೆ ಒಟ್ಟು 15 ಕೋಟಿ ಟನ್ ಸಾಂದ್ರೀಕೃತ ಅದಿರನ್ನು ಒದಗಿಸುವುದು ಎಂಬುದು ಅದರ ತಿರುಳು. 1976ರ ಏಪ್ರಿಲ್ 2ರಂದು ಕುದುರೆಮುಖ ಕಬ್ಬಿಣ ಅದಿರು ಕಂಪನಿ ಸ್ಥಾಪನೆಯಾಯಿತು. ಮಳೆಗಾಲದ ರಭಸದಲ್ಲೂ ಕೆಲಸ ಸಾಗಿ 1980ರಲ್ಲಿ ಸ್ಥಾವರ ಸಿದ್ಧವಾಯಿತು. ಅಷ್ಟರಲ್ಲಿ 1979ರ ಕ್ರಾಂತಿಯಿಂದ ಇರಾನಿನ ದೊರೆತನವೇ ಉರುಳಿತ್ತು. ಸಾಲದ ಉಳಿದ ಹಣ ಬರಲಿಲ್ಲ, ಅದಿರು ಕೊಳ್ಳುವವರೂ ಇಲ್ಲವಾದರು. ಭಾರತ ಸರ್ಕಾರವು ತನ್ನ ಹಣದಿಂದಲೇ ಕಾರ್ಯವನ್ನು ಪೂರೈಸಿ ಬೇರೆ ದೇಶಗಳಲ್ಲಿ ಗಿರಾಕಿಗಳನ್ನು ಹುಡುಕಬೇಕಾಯಿತು. ಪರದೇಶದ ಅರಮನೆಯೊಂದರ ಪತನ ಮಲೆನಾಡಿನ ಮೂಲೆಯ ಕೂಲಿಗಾರನ ಅನ್ನವನ್ನು ಅಲುಗಾಡಿಸಬಲ್ಲದೆಂಬುದನ್ನು ಆಗ ಎಲ್ಲರೂ ಕಂಡರು.

ಗಣಿಯ ಕೆಲಸದ ರೀತಿಯನ್ನು ಎಳೆಯರಿಗಾಗಿ ತಿಳಿಸುವುದು ಲೇಸು. ಕೋಲಾರದಂತೆ ಇಲ್ಲಿ ಸುರಂಗಗಳಿರಲಿಲ್ಲ. ಗುಡ್ಡವನ್ನು ಮೇಲಿನಿಂದಲೇ ಮೆಟ್ಟಿಲು ಮೆಟ್ಟಿಲಾಗಿ ಸ್ಫೋಟಿಸಿ ಬಗೆಯುತ್ತಿದ್ದರು. ದೈತ್ಯಾಕಾರದ ಡಂಪರುಗಳು ಕಲ್ಲನ್ನು ಹೊತ್ತು ತರುತ್ತಿದ್ದವು. ಗಿರಣಿಗಳಲ್ಲಿ ಅದನ್ನು ಹಿಟ್ಟಿನಂತೆ ಅರೆದು, ಅಯಸ್ಕಾಂತದ ಸೆಳೆತದಿಂದ ಕಬ್ಬಿಣದ ಭಾಗವನ್ನು ಬೇರ್ಪಡಿಸುತ್ತಿದ್ದರು. ಹೀಗೆ ದೊರೆತ ಪುಡಿಯಲ್ಲಿ ಕಬ್ಬಿಣದ ಅಂಶ ನೂರಕ್ಕೆ ಅರವತ್ತನ್ನು ಮೀರುತ್ತಿತ್ತು. ಆ ಪುಡಿಯನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಉದ್ದದ ಕೊಳವೆಯ ಮೂಲಕ ಘಟ್ಟದಿಂದ ಮಂಗಳೂರಿನ ಪಣಂಬೂರು ಬಂದರಿಗೆ ಹರಿಸುತ್ತಿದ್ದರು. ಉಳಿದ ಕೆಸರು ಲಕ್ಯಾ ಹೊಳೆಗೆ ಕಟ್ಟಿದ, ಸುಮಾರು ನೂರು ಮೀಟರ್ ಎತ್ತರದ ಅಣೆಕಟ್ಟಿನ ಹಿಂದೆ ಶೇಖರವಾಗುತ್ತಿತ್ತು. 1987ರಲ್ಲಿ ಮಂಗಳೂರಿನಲ್ಲಿ ಅದಿರಿನ ಪುಡಿಯನ್ನು ಉಂಡೆಗಟ್ಟುವ ಕಾರ್ಖಾನೆಯೂ ತಲೆಯೆತ್ತಿತು.

ಇವನ್ನೆಲ್ಲ ಮಾಡಿದ ಕೈಗಳು ಯಾರವು? ರಸ್ತೆ ಕಡಿದವರು, ಅಣೆಕಟ್ಟಿಗೆ ಮಣ್ಣು ಹೊತ್ತವರು, ಕೊಳವೆ ಹೂತವರು ಮೊದಲು ಬಂದರು; ಕೆಲಸ ಮುಗಿದೊಡನೆ ಚದುರಿ ಹೋದರು. ಬಳಿಕ ಚಾಲಕರು, ಫಿಟ್ಟರುಗಳು, ವೆಲ್ಡರುಗಳು, ಗುಮಾಸ್ತರು, ಇಂಜಿನಿಯರುಗಳು ನೆಲೆಸಿದರು. ಕಾಡಿನ ನಡುವೆ ವಸತಿಗೃಹ, ಶಾಲೆ, ಆಸ್ಪತ್ರೆಗಳಿಂದ ಕೂಡಿದ ಊರೊಂದು ಹುಟ್ಟಿತು. ತಿಂಗಳ ಸಂಬಳ, ಮಕ್ಕಳಿಗೆ ವಿದ್ಯೆ, ರೋಗಕ್ಕೆ ವೈದ್ಯ: ತೋಟದ ದಿನಗೂಲಿಯನ್ನೇ ನಂಬಿದ್ದ ಮನೆತನಗಳಿಗೆ ಇವು ಸಣ್ಣ ವರಗಳಲ್ಲ. ತಿಂಗಳುಗಟ್ಟಲೆ ಬಿಸಿಲು ಕಾಣದ ಮಳೆಯಲ್ಲಿ ಪಾಳಿಯಂತೆ ದುಡಿದು ಅವರು ಈ ಅನ್ನವನ್ನು ಸಂಪಾದಿಸಿದರು. ಅದೇ ಆವರಣದಲ್ಲಿ ಗುತ್ತಿಗೆಯ ಆಳುಗಳೂ ಇದ್ದರು. ಖಾಯಂ ನೌಕರನಿಗಿದ್ದ ಭದ್ರತೆ ಅವರಿಗೆ ಇರಲಿಲ್ಲ.

ಇನ್ನೊಂದು ಪಕ್ಷದ ಅಳಲೂ ನ್ಯಾಯವಾದುದೇ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ಗಿರಿಗಳಿವು. ಬಗೆದ ಗುಡ್ಡದ ಮೇಲೆ ಮಳೆ ಬಿದ್ದಾಗ ಹೂಳು ಭದ್ರೆಗಿಳಿಯಿತು. ಕೆಳಗೆ ಜಲಾಶಯವನ್ನು ನಂಬಿದ ರೈತರಿಗೆ ಆತಂಕವುಂಟಾಯಿತು. 1987ರಲ್ಲಿ ಸುತ್ತಲಿನ ಸುಮಾರು 600 ಚದರ ಕಿಲೋಮೀಟರ್ ಅರಣ್ಯವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಗಣಿಯ ಮೂವತ್ತು ವರ್ಷಗಳ ಗುತ್ತಿಗೆ 1999ರ ಜುಲೈಯಲ್ಲಿ ಮುಗಿದಾಗ ಅದನ್ನು ಮುಂದುವರಿಸಬಾರದೆಂಬ ಕೂಗು ಎದ್ದಿತು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಶ್ರೀ ಕೆ.ಎಂ. ಚಿಣ್ಣಪ್ಪನವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. 2002ರ ಅಕ್ಟೋಬರ್ 30ರಂದು ತೀರ್ಪು ಬಂದಿತು: 2005ರ ಅಂತ್ಯಕ್ಕೆ ಗಣಿಗಾರಿಕೆ ನಿಲ್ಲತಕ್ಕದ್ದು. ಅದರಂತೆ 2005ರ ಡಿಸೆಂಬರ್ 31ರಂದು ಅದು ನಿಂತಿತು. ಇಲ್ಲಿ ಬೀಗ ಬಿದ್ದುದು ಅದಿರು ತೀರಿದುದರಿಂದಲ್ಲ, ಬೆಲೆ ಕುಸಿದುದರಿಂದಲೂ ಅಲ್ಲ. ನದಿ ಮತ್ತು ಕಾಡಿನ ಹಕ್ಕನ್ನು ನ್ಯಾಯಾಲಯ ಎತ್ತಿಹಿಡಿದುದರಿಂದ.

ನದಿ ಉಳಿಯಿತು, ಅದಕ್ಕಾಗಿ ನಾವು ಕೃತಜ್ಞರು. ಆದರೆ ಗೆಲುವಿನ ಆ ಲೆಕ್ಕದಲ್ಲಿ ಊರು ಬಿಟ್ಟವರ ಲೆಕ್ಕ ಸೇರಲಿಲ್ಲ. ಮಂಗಳೂರಿನ ಕಾರ್ಖಾನೆ ಹೊರಗಿನ ಅದಿರನ್ನು ತರಿಸಿಕೊಂಡು ನಡೆಯಿತು. ಕೆಲವರಿಗೆ ಅಲ್ಲಿ ಸ್ಥಳ ದೊರೆಯಿತು. ಕೆಲವರು ಸ್ವಯಂ ನಿವೃತ್ತಿ ಪಡೆದರು. ಗುತ್ತಿಗೆಯಾಳು ಬಂದ ದಾರಿಯಲ್ಲೇ ಹೊರಟನು. ಮನೆಗಳು ಬರಿದಾದವು. ಒಂದು ಕಾಲದಲ್ಲಿ ಮಕ್ಕಳು ಆಡಿದ ಅಂಗಳಗಳಲ್ಲಿ ಹುಲ್ಲು ಬೆಳೆಯಿತು. ಗಣಿ ತೆರೆಯುವಾಗಲೂ ಮುಚ್ಚುವಾಗಲೂ ಈ ಜನರನ್ನು ಕೇಳಿದವರಿಲ್ಲ. ನಾಡಿಗೆ ಒಳಿತಾಗುವ ತೀರ್ಮಾನದ ಭಾರವನ್ನು ನಾಡೇ ಹೊರಬೇಕು. ಅದನ್ನು ಕೆಲವೇ ಮನೆಗಳ ಹೆಗಲಿಗೇರಿಸಿ ಉಳಿದವರು ನೆಮ್ಮದಿಯಿಂದಿರುವುದು ಧರ್ಮವೆನಿಸದು.

ಕಂಪನಿಯ ವರದಿಗಳಲ್ಲಿ ಟನ್ನುಗಳ ಎಣಿಕೆಯಿದೆ. ನ್ಯಾಯಾಲಯದ ಕಡತಗಳಲ್ಲಿ ಮರಗಳ ಮತ್ತು ಹೂಳಿನ ಎಣಿಕೆಯಿದೆ. ಮನುಷ್ಯರ ಹೆಸರುಗಳನ್ನು ಬರೆದಿಡುವುದು ದೇವಾಲಯದ ಜ್ಞಾನಸ್ನಾನ, ವಿವಾಹ, ಮರಣದ ದಫ್ತರಗಳಂಥ ಸಾಧಾರಣ ಪುಸ್ತಕಗಳು ಮಾತ್ರ. ಅವುಗಳಲ್ಲಿ ಬಡವನಿಗೂ ಒಡೆಯನಿಗೂ ಒಂದೇ ಸಾಲು. ಆ ಮಾದರಿ ಎಲ್ಲ ಮತದವರಿಗೂ ಒಪ್ಪುವಂಥದ್ದು. ಕುದುರೆಮುಖದಲ್ಲಿ ದುಡಿದ ಹಿರಿಯರು ನಮ್ಮ ಈ ಮೂರು ತಾಲ್ಲೂಕುಗಳಲ್ಲಿ ಇನ್ನೂ ಇದ್ದರೆ, ಅವರ ಮಕ್ಕಳು ಒಂದು ನೋಟುಪುಸ್ತಕ ಹಿಡಿದು ಅವರ ಪಕ್ಕದಲ್ಲಿ ಕುಳಿತುಕೊಳ್ಳಲಿ. ಯಾವ ವರ್ಷ ಸೇರಿದರು, ಯಾವ ಪಾಳಿಯಲ್ಲಿ ದುಡಿದರು, ಜೊತೆಗಾರರು ಯಾರು, ಯಾರಿಗೆ ಪೆಟ್ಟಾಯಿತು, ಯಾರು ಎಲ್ಲಿಗೆ ಹೋದರು ಎಂಬುದನ್ನು ಕೇಳಿ ಬರೆದಿಡಲಿ. ಗಣಿ ಮುಚ್ಚಿದ ದಿನ ಮೂವತ್ತರ ಹರೆಯದಲ್ಲಿದ್ದವರು ಈಗ ಐವತ್ತನ್ನು ದಾಟಿದ್ದಾರೆ. ಅಣೆಕಟ್ಟು ಕಟ್ಟಿದವರಲ್ಲಿ ಉಳಿದಿರುವವರು ಎಪ್ಪತ್ತರ ಆಸುಪಾಸಿನವರು. ಕೇಳುವ ಕೆಲಸವನ್ನು ಇನ್ನು ಮುಂದೂಡುವಂತಿಲ್ಲ.